ದುಡ್ಡು ಯಾರಿಗೆ ಕೊಡಲಿ? ಕೃತಿಸ್ವಾಮ್ಯ ಕಚೇರಿಗೆ ತೀರ್ಥಹಳ್ಳಿಯ ಪ್ರೆಸ್ಸಿನಿಂದ ಒಂದು ಬಹಿರಂಗ ಪತ್ರ

ಗೆ,
ಕೃತಿಸ್ವಾಮ್ಯ ನೋಂದಣಾಧಿಕಾರಿಗಳು,
ಬೌದ್ಧಿಕ ಸಂಪದಾ ಭವನ, ದ್ವಾರಕಾ, ನವದೆಹಲಿ.

ಮಾನ್ಯರೇ,

ನಮಸ್ಕಾರ. ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಕನ್ನಡ ಓದುವವರು ಯಾರಾದರೂ ಇದ್ದರೆ ಸಂತೋಷ. ಇಲ್ಲದಿದ್ದರೂ ಚಿಂತೆಯಿಲ್ಲ. ಶಿವಮೊಗ್ಗ, ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಡಿಟಿಪಿ ಅಂಗಡಿಯವರು ಓದಲಿ ಅಂತಲೂ ಇದನ್ನು ಬಹಿರಂಗ ಪತ್ರ ಮಾಡಿದ್ದೇನೆ. ಅವರದ್ದೂ ಹೆಚ್ಚುಕಮ್ಮಿ ನನ್ನದೇ ಕಥೆ.

ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಮದುವೆ ಕಾಗದ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಪತ್ರ, ಯಕ್ಷಗಾನದ ಹ್ಯಾಂಡ್‌ಬಿಲ್, ಅಡಿಕೆ ಮಂಡಿಯ ರಸೀದಿ ಪುಸ್ತಕ, ಇಂಥವೇ. ಮಂಡಿ ರಸೀದಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ದರ್ಜೆಗೊಂದರಂತೆ ನಾಲ್ಕು ಕಾಲಂ. ಆ ಫೈಲನ್ನು 2002ರಲ್ಲಿ ಮಾಡಿದ್ದು. ಅಡಿಕೆ ರೇಟು ಏರಿತು, ಇಳಿಯಿತು, ಮತ್ತೆ ಏರಿತು. ಫೈಲು ಮಾತ್ರ ಅದೇ. ನನ್ನ ತಾಪತ್ರಯವೆಲ್ಲ ಆ ಫೈಲಿನಲ್ಲೇ ಇದೆ. ಆದರೆ ಮೊದಲು ಸಿಡಿಲಿನ ವಿಷಯ ಹೇಳಬೇಕು.

2013ರ ಏಪ್ರಿಲ್ ತಿಂಗಳು. ಆಗುಂಬೆ ಕಡೆಯಿಂದ ಮೋಡ ಕಟ್ಟಿಕೊಂಡು ಬಂದು, ಸಂಜೆ ನಾಲ್ಕಕ್ಕೇ ಲೈಟ್ ಹಾಕಬೇಕಾಯಿತು. ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದು ಉಸಿರಾಡಿದಷ್ಟು ಸಹಜ. ಅವತ್ತು ಕೀಳಲಿಲ್ಲ. ಒಂದು ಮದುವೆ ಕಾಗದ ಅರ್ಜೆಂಟ್ ಇತ್ತು. ಹುಡುಗಿಯ ಅಪ್ಪ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದರು. ‘ಇದೊಂದು ಪ್ರೂಫ್ ತೆಗೆದುಬಿಡ್ತೀನಿ’ ಅಂದೆ. ಅಷ್ಟರಲ್ಲಿ ಹಿಂದಿನ ತೋಟದಲ್ಲಿ ಸಿಡಿಲು ಬಿತ್ತು. ಪ್ರಿಂಟರಿನ ಹಿಂದೆ ಒಂದು ನೀಲಿ ಕಿಡಿ, ಸುಟ್ಟ ಪ್ಲಾಸ್ಟಿಕ್ ವಾಸನೆ, ಅಷ್ಟೆ.

ಕಂಪ್ಯೂಟರ್ ಉಳಿಯಿತು. ಹೋಗಿದ್ದು ಲಾಕ್.

ಲಾಕ್ ಅಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಡಾಂಗಲ್ ಅಂತ ಅದರ ಹೆಸರು. ನಾವೆಲ್ಲ ಲಾಕ್ ಅಂತಲೇ ಕರೆಯುತ್ತಿದ್ದೆವು. ಬೆಂಕಿಪೊಟ್ಟಣದಷ್ಟು ದೊಡ್ಡದು. ಪ್ರಿಂಟರ್ ಪೋರ್ಟಿಗೆ ಅದನ್ನು ಸಿಕ್ಕಿಸಿ, ಅದರ ಬೆನ್ನಿಗೆ ಪ್ರಿಂಟರಿನ ವೈರ್ ಹಾಕಬೇಕು. ಕನ್ನಡ ಸಾಫ್ಟ್‌ವೇರ್ ತೆರೆದಾಗಲೆಲ್ಲ ‘ಲಾಕ್ ಇದೆಯಾ’ ಅಂತ ನೋಡುತ್ತದೆ. ಇದ್ದರೆ ಕನ್ನಡ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. 1999ರಲ್ಲಿ ಒಂಬತ್ತು ಸಾವಿರ ಕೊಟ್ಟು ಕೊಂಡಿದ್ದೆ. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ರಸೀದಿ ಇವತ್ತಿಗೂ ಇದೆ, ಗೆದ್ದಲು ಒಂದು ಮೂಲೆ ತಿಂದಿದೆ ಅಷ್ಟೆ. ಕಂಪನಿಯ ಹೆಸರು ಬೇಡ. ಅವರೇನೂ ಮೋಸ ಮಾಡಲಿಲ್ಲ. ಮಾರಿದರು, ಕೆಲವು ವರ್ಷ ನೋಡಿಕೊಂಡರು, ಆಮೇಲೆ ಮುಚ್ಚಿಕೊಂಡು ಹೋದರು. ಸಿಡಿಲು ಬಿದ್ದ ಮಾರನೇ ದಿನ ರಸೀದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಎತ್ತಿದವರು ಟೈಲ್ಸ್ ಅಂಗಡಿಯವರು.

ಸಾಗರದಿಂದ ಒಬ್ಬ ಹುಡುಗ ರಿಪೇರಿಗೆ ಬರುತ್ತಿದ್ದ. ಒಂದು ಗಂಟೆ ಕೂತು ಏನೋ ಮಾಡಿದ. ‘ಲಾಕ್ ಕೇಳಬೇಡ ಅಂತ ಹೇಳಿಬಿಟ್ಟಿದೀನಿ ಅದಕ್ಕೆ’ ಅಂದ. ಮುನ್ನೂರು ರೂಪಾಯಿ ತಗೊಂಡ, ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಸ್ ಹತ್ತಿದ. ಮದುವೆ ಕಾಗದ ಅವತ್ತೇ ಅಚ್ಚಾಯಿತು.

ನಾನು ಕಳ್ಳನಾದೆನಾ? ಅವತ್ತಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲಿದೆ.

ಇನ್ನೊಂದು ವಿಷಯ ಮುಚ್ಚಿಟ್ಟರೆ ಈ ಪತ್ರ ಬರೆದು ಪ್ರಯೋಜನವಿಲ್ಲ. ಅದೇ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ 7 ಇದೆ, ಪುಟ ಜೋಡಿಸುವ ಅಡೋಬಿ ಕಂಪನಿಯ ಸಾಫ್ಟ್‌ವೇರ್. ಅದಕ್ಕೆ ನಾನು ಯಾವತ್ತೂ ಒಂದು ಪೈಸೆ ಕೊಟ್ಟಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟವರು ‘ಎಲ್ಲಾ ಹಾಕಿ ಕೊಟ್ಟಿದೀನಿ ಸಾರ್’ ಅಂದರು. ಎಲ್ಲಾ ಅಂದರೆ ಏನೇನು ಅಂತ ನಾನು ಕೇಳಲಿಲ್ಲ. ಕೇಳಬಾರದು ಅಂತ ಗೊತ್ತಿತ್ತು. ಲಾಕಿನ ವಿಷಯದಲ್ಲಿ ನನಗೆ ಅನುಮಾನವಿದೆ. ಪೇಜ್‌ಮೇಕರ್ ವಿಷಯದಲ್ಲಿ ಅನುಮಾನವೇ ಇಲ್ಲ, ತಪ್ಪು ನನ್ನದೇ.

ಆದರೆ ನಮ್ಮ ಊರಿನಲ್ಲಿ ಇದನ್ನು ಯಾರೂ ತಪ್ಪು ಅನ್ನುವುದಿಲ್ಲ. ‘ಅಯ್ಯೋ ಬಿಡಿ, ಅದು ಹಳೇದು. ಕಂಪನಿಯವರೇ ಕೈಬಿಟ್ಟಿದ್ದಾರೆ. ಈಗ ಫ್ರೀ ಲೆಕ್ಕ’ ಅನ್ನುತ್ತಾರೆ. ವಕೀಲರೊಬ್ಬರು ಕೂಡ ಚಹಾ ಕುಡಿಯುತ್ತಾ ಇದೇ ಮಾತು ಹೇಳಿದರು, ಅವರ ಮಗಳ ಮದುವೆ ಕಾಗದ ಮಾಡಿಸಲು ಬಂದಾಗ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಆಮೇಲೆ ಸುಮ್ನೆ ಕೂತು ಕಾಯ್ದೆ ಓದಿದೆ. ಮಳೆಗಾಲದಲ್ಲಿ ನಮ್ಮಲ್ಲಿ ಕೆಲಸ ಕಮ್ಮಿ, ಓದುವುದಕ್ಕೆ ಟೈಮ್ ಜಾಸ್ತಿ.

ಕಾಯ್ದೆಯಲ್ಲಿ ಆ ಮಾತು ಎಲ್ಲೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಸಾಹಿತ್ಯ ಕೃತಿ. ಓದಿ ನಗು ಬಂತು. ಪೇಜ್‌ಮೇಕರ್ ಬರೆದವರೂ ಕುವೆಂಪು ಅವರೂ ಒಂದೇ ಸಾಲಿನಲ್ಲಿ. ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಅಂದರೆ ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ. ಅದು ಸರಿಯೇ. ಅವರ ಪುಸ್ತಕ ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಓದಲು ಅದು ಅಚ್ಚಾದ ಕಾಲದ ಕನ್ನಡಕವೇ ಬೇಕು ಅಂತ ಯಾರೂ ಹೇಳುವುದಿಲ್ಲ.

ಈಗ ನನ್ನ ಲಾಕಿನ ಸಾಫ್ಟ್‌ವೇರಿಗೆ ಅದೇ ಲೆಕ್ಕ ಹಾಕಿ. 1999ರಲ್ಲಿ ಅದನ್ನು ಬರೆದ ಎಂಜಿನಿಯರಿಗೆ 30 ವರ್ಷ ಅಂದುಕೊಳ್ಳೋಣ. 80 ವರ್ಷ ಚೆನ್ನಾಗಿ ಬಾಳಲಿ. 2049 ಆಯಿತು. ಅದಕ್ಕೆ 60 ಸೇರಿಸಿ, 2109. ಪ್ರಿಂಟರ್ ಪೋರ್ಟ್ ಇರುವ ಕಂಪ್ಯೂಟರ್ ಈಗಲೇ ಗುಜರಿಯಲ್ಲೂ ಸಿಗುವುದು ಕಷ್ಟ. 2109ರಲ್ಲಿ ಆ ಸಾಫ್ಟ್‌ವೇರ್ ಸಾರ್ವಜನಿಕರ ಸ್ವತ್ತಾದಾಗ ಅದನ್ನು ಏನು ಮಾಡಬೇಕು, ಉಪ್ಪಿನಕಾಯಿ ಹಾಕಬೇಕಾ? ಪೇಜ್‌ಮೇಕರಿನದ್ದು ಅಮೆರಿಕದ ಲೆಕ್ಕ. ಅಲ್ಲಿ ಕಂಪನಿಯ ನೌಕರರು ಬರೆದದ್ದಕ್ಕೆ ಪ್ರಕಟವಾದ ಮೇಲೆ 95 ವರ್ಷ. 2001ರಲ್ಲಿ ಬಂದ ಪೇಜ್‌ಮೇಕರ್ 7 ಬೀಗ ಬಿಚ್ಚಿಕೊಳ್ಳುವುದು 2096ರ ಕೊನೆಗೆ.

ಮಾರುವುದು ನಿಲ್ಲಿಸುವುದು, ಸಪೋರ್ಟ್ ನಿಲ್ಲಿಸುವುದು, ಹಕ್ಕು ಬಿಟ್ಟುಕೊಡುವುದು, ಇವು ಮೂರೂ ಬೇರೆ ಬೇರೆ. ನಮ್ಮ ಜನ ಮೂರನ್ನೂ ಒಂದೇ ಮಾಡಿಕೊಂಡಿದ್ದಾರೆ. ಹಕ್ಕು ಬಿಡಬೇಕಾದರೆ ಅದಕ್ಕೆ ಕಾಯ್ದೆಯ 21ನೇ ಕಲಂ ಇದೆ. ಒಡೆಯರು ನಿಮ್ಮ ಕಚೇರಿಗೆ ನೋಟಿಸ್ ಕೊಡಬೇಕು, ಇಲ್ಲವೇ ಸಾರ್ವಜನಿಕವಾಗಿ ಪ್ರಕಟಿಸಬೇಕು. ಬಾಗಿಲು ಹಾಕಿಕೊಂಡು ಊರು ಬಿಟ್ಟ ಮಾತ್ರಕ್ಕೆ ತೋಟ ಪಕ್ಕದವರದ್ದಾಗುವುದಿಲ್ಲ ಅಲ್ವಾ, ಹಾಗೇ.

ಇದಕ್ಕೆ ಒಳ್ಳೆಯ ಉದಾಹರಣೆ ನನ್ನ ಲಾಕ್ ಸುಟ್ಟ ವರ್ಷವೇ ನಡೆಯಿತು. 2013ರ ಜನವರಿಯಲ್ಲಿ ಅಡೋಬಿ ಕಂಪನಿ ಫೋಟೋಶಾಪ್ ಇತ್ಯಾದಿ ಇರುವ ತನ್ನ ಹಳೆಯ ಸಿಎಸ್ 2 ಸಾಫ್ಟ್‌ವೇರುಗಳ ಆ್ಯಕ್ಟಿವೇಶನ್ ಸರ್ವರ್, ಅಂದರೆ ಪ್ರತಿ ಅಸಲಿಯೇ ಅಂತ ಇಂಟರ್‌ನೆಟ್ಟಿನಲ್ಲಿ ನೋಡುವ ವ್ಯವಸ್ಥೆ, ನಿಲ್ಲಿಸಿತು. ಹಿಂದೆ ದುಡ್ಡು ಕೊಟ್ಟು ಕೊಂಡವರಿಗೆ ತೊಂದರೆ ಆಗಬಾರದು ಅಂತ, ಆ್ಯಕ್ಟಿವೇಶನ್ ಬೇಡದ ಪ್ರತಿಗಳನ್ನು ಸೀರಿಯಲ್ ನಂಬರ್ ಸಮೇತ ತನ್ನ ತಾಣದಲ್ಲಿ ಇಟ್ಟಿತು. ‘ಫೋಟೋಶಾಪ್ ಫ್ರೀ ಆಯ್ತಂತೆ’ ಅಂತ ಜಗತ್ತೆಲ್ಲ ಡೌನ್‌ಲೋಡ್ ಮಾಡಿತು. ಕಂಪನಿ ತಲೆ ಚಚ್ಚಿಕೊಂಡು, ಇದು ಲೈಸೆನ್ಸ್ ಇದ್ದವರಿಗೆ ಮಾತ್ರ ಅಂತ ಹೇಳಬೇಕಾಯಿತು. ಬಾಗಿಲು ತೆರೆದಿದೆ ಅಂದರೆ ಊಟಕ್ಕೆ ಕರೆದಿದ್ದಾರೆ ಅಂತ ಅಲ್ಲ.

ಉಲ್ಟಾ ಕೂಡ ನಿಜ. ಸಪೋರ್ಟ್ ನಿಂತರೆ ಲೈಸೆನ್ಸ್ ಸಾಯುವುದಿಲ್ಲ. ವಿಂಡೋಸ್ ಎಕ್ಸ್‌ಪಿಯ ಸಪೋರ್ಟ್ 2014ರ ಏಪ್ರಿಲ್ 8ಕ್ಕೆ ನಿಂತಿತು. ವಿಂಡೋಸ್ 7ರದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. ದುಡ್ಡು ಕೊಟ್ಟು ಕೊಂಡವರು ಆ ದಿನದ ನಂತರ ಬಳಸಿದರೂ ಕಾನೂನು ಮುರಿದಂತಲ್ಲ. ಹೋದ ವರ್ಷ ಅಂಗಡಿಗಳಿಗೆ ಹೋಗಿ ‘ವಿಂಡೋಸ್ 10 ಇಟ್ಟುಕೊಂಡರೆ ಕೇಸ್ ಆಗುತ್ತೆ’ ಅಂತ ಹೆದರಿಸಿ ಹೊಸ ಕಂಪ್ಯೂಟರ್ ಮಾರಿದವರೂ ಇದ್ದಾರೆ. ಅದು ಶುದ್ಧ ಸುಳ್ಳು. ಬೀಗ ಹಳೆಯದಾಗಿದೆ, ಕಳ್ಳ ಬರಬಹುದು ಅಂತ ಹೇಳಿದ್ದರೆ ಸರಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಜಗತ್ತಿನ ಆಸ್ಪತ್ರೆ, ಕಾರ್ಖಾನೆಗಳನ್ನೆಲ್ಲ ಹಿಡಿದಾಗ, ಮೈಕ್ರೋಸಾಫ್ಟ್‌ನವರು ಸಪೋರ್ಟ್ ನಿಲ್ಲಿಸಿ ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ತೇಪೆ ಹಾಕಿಕೊಟ್ಟರು. ನನ್ನ ಎಕ್ಸ್‌ಪಿ ಮಷಿನ್‌ಗೆ ಇಂಟರ್‌ನೆಟ್ ಇಲ್ಲ. ಆದರೂ ಗಿರಾಕಿಗಳ ಪೆನ್‌ಡ್ರೈವಿನಿಂದ ಶಾರ್ಟ್‌ಕಟ್ ವೈರಸ್ ಬರುವುದು ತಪ್ಪಿಲ್ಲ.

ಶಿಕ್ಷೆಯ ವಿಷಯ. 63ಬಿ ಕಲಂ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ನಕಲಿ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದರೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಜೈಲು. ದಂಡ 50 ಸಾವಿರದಿಂದ 2 ಲಕ್ಷ. ಲಾಭಕ್ಕೋ ವ್ಯಾಪಾರಕ್ಕೋ ಬಳಸದೇ ಇದ್ದರೆ ಮಾತ್ರ ಕೋರ್ಟು ಕಾರಣ ಬರೆದು ಜೈಲು ಬಿಟ್ಟು, 50 ಸಾವಿರದವರೆಗೆ ದಂಡ ಹಾಕಿ ಕಳಿಸಬಹುದು. ನಾನು ವ್ಯಾಪಾರಿ. ನನಗೆ ಆ ರಿಯಾಯಿತಿ ಇಲ್ಲ. ನಮ್ಮ ಎಳ್ಳಮಾವಾಸ್ಯೆ ಜಾತ್ರೆಯೇ ಮೂರು ದಿನ. ಜಾತ್ರೆಯ ಕರಪತ್ರ ಮಾಡಿದ್ದಕ್ಕೆ ಏಳು ದಿನ ಒಳಗೆ ಕೂರಬೇಕು. ಸಾಫ್ಟ್‌ವೇರ್ ನಿನ್ನೆ ಬಂದದ್ದೋ, 25 ವರ್ಷ ಹಳೆಯದೋ, ಅಂಗಡಿಯಲ್ಲಿ ಸಿಗುತ್ತದೋ ಇಲ್ಲವೋ, ಆ ಕಲಂಗೆ ಬೇಕಿಲ್ಲ.

ಲಾಕಿನ ವಿಷಯದಲ್ಲಿ ಮಾತ್ರ ಕಾಯ್ದೆ ನಾನು ಅಂದುಕೊಂಡಷ್ಟು ಕಠಿಣವಲ್ಲ. ಗೆಳೆಯರೇ, ಇದನ್ನು ಸ್ವಲ್ಪ ನಿಧಾನವಾಗಿ ಓದಿ. 52ನೇ ಕಲಂ ಪ್ರಕಾರ, ನ್ಯಾಯವಾಗಿ ಪ್ರತಿ ಹೊಂದಿರುವವನು ಅದು ಯಾವ ಕೆಲಸಕ್ಕೆ ಬಂದಿತೋ ಆ ಕೆಲಸಕ್ಕೆ ಬಳಸಲು ಪ್ರತಿ ಮಾಡಬಹುದು, ಹೊಂದಿಸಿಕೊಳ್ಳಬಹುದು. ಹಾಳಾದರೆ ಇರಲಿ ಅಂತ ಬ್ಯಾಕಪ್ ಇಟ್ಟುಕೊಳ್ಳಬಹುದು. ಇನ್ನು ಲಾಕ್ ಮುರಿದದ್ದಕ್ಕೆ 2012ರಲ್ಲಿ ಸೇರಿಸಿದ 65ಎ ಕಲಂ ಇದೆ, 2 ವರ್ಷದವರೆಗೆ ಜೈಲು. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಮಾತ್ರ. ಕಾಯ್ದೆ ಬೇಡ ಅನ್ನದ ಕೆಲಸಕ್ಕಾಗಿ ಮುರಿದರೆ ಅಪರಾಧವಲ್ಲ ಅಂತ ಅದರಲ್ಲೇ ಬರೆದಿದೆ. ಜೊತೆಗೊಂದು ಷರತ್ತು. ಬೇರೆಯವರಿಗೆ ಹೀಗೆ ಲಾಕ್ ತೆಗೆದುಕೊಟ್ಟವನು ಅವರ ಹೆಸರು, ವಿಳಾಸ, ಯಾವ ಕೆಲಸಕ್ಕೆ ತೆಗೆದದ್ದು ಅನ್ನುವುದನ್ನೆಲ್ಲ ಪೂರ್ತಿ ಬರೆದಿಟ್ಟುಕೊಳ್ಳಬೇಕು.

ಸಾಗರದ ಹುಡುಗ ಬರೆದಿಟ್ಟುಕೊಂಡದ್ದು ಏನೂ ಇಲ್ಲ. ಮುನ್ನೂರು ರೂಪಾಯಿಯನ್ನೂ ಬರೆದುಕೊಳ್ಳಲಿಲ್ಲ.

ಅಂದರೆ ನನ್ನ ಹತ್ತಿರ ರಸೀದಿ ಇದೆ, ಸುಟ್ಟ ಲಾಕ್ ಇದೆ, ಹಾಗಾಗಿ ಆ ಒಂದು ವಿಷಯದಲ್ಲಿ ನಾನು ಕಳ್ಳನಲ್ಲ ಅಂತ ನನಗೆ ಅರ್ಥವಾಗಿದೆ. ಹನ್ನೆರಡು ವರ್ಷ ಸುಮ್ಮನೆ ಅಂಜಿದ್ದೆ. ಇಷ್ಟು ಸಣ್ಣ ವಿಷಯವನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಹಂಚಿದ್ದರೆ ಏನಾಗುತ್ತಿತ್ತು? ನೀವು ಬರೆದುಕೊಡಿ, ನಾನು ಪುಕ್ಕಟೆ ಅಚ್ಚು ಹಾಕಿ ಕೊಡುತ್ತೇನೆ. ಬೇಕಾದರೆ ಬೇರೆ ಸಾಫ್ಟ್‌ವೇರಿನಲ್ಲಿ.

ಹೌದು, ಬೇರೆಯದಕ್ಕೆ ಯಾಕೆ ಹೋಗಬಾರದು ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಮಗಳೂ ಕೇಳುತ್ತಾಳೆ.

ಇಲ್ಲಿ ಆ ಮಂಡಿ ರಸೀದಿಯ ಫೈಲಿಗೆ ಬರುತ್ತೇನೆ. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸುವ ಕೆಲಸ. ಕೇಸಿನ ಮನೆಗಳಿಂದ ಒಂದೊಂದೇ ಸೀಸದ ಮೊಳೆ ಆರಿಸಿ, ಸ್ಟಿಕ್ಕಿನಲ್ಲಿ ಉಲ್ಟಾ ಜೋಡಿಸಿ, ಟ್ರೆಡಲ್ ತುಳಿಯುವುದು. ಮೊಳೆ ಎರಕ ಹೊಯ್ದ ಫೌಂಡ್ರಿ ಮುಚ್ಚಿ ಹೋಯಿತು. ಯಾರೂ ಬಂದು ‘ಇನ್ನು ಆ ಮೊಳೆ ಮುಟ್ಟಬೇಡಿ’ ಅನ್ನಲಿಲ್ಲ. ‘ಕ’ ಅಂದರೆ ಕ. ಯಾವ ಪ್ರೆಸ್ಸಿಗೆ ಒಯ್ದರೂ ಕ. ಕಂಪ್ಯೂಟರಿಗೆ ಬಂದಮೇಲೆ ಹಾಗಿರಲಿಲ್ಲ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸ್ವಂತ ನಂಬರ್ ಕೊಡುವ ಯೂನಿಕೋಡ್ ಅನ್ನುವ ವ್ಯವಸ್ಥೆ ಪೇಜ್‌ಮೇಕರಿಗೆ ಗೊತ್ತಿಲ್ಲ. ಅದಕ್ಕೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು ಮಾತ್ರ ಗೊತ್ತು. ಕನ್ನಡದ ಫಾಂಟು ಮಾಡಿದವರು ಆ ಅಕ್ಷರಗಳ ಮುಖಕ್ಕೆ ಕನ್ನಡದ ವೇಷ ಕಟ್ಟಿದರು. ನುಡಿ ಅನ್ನುವ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ‘ಕನ್ನಡ’ ಅಂತ ಟೈಪ್ ಮಾಡಿ, ಫಾಂಟು ಬದಲಾಯಿಸಿ ನೋಡಿ. ‘ನ’ ಇದ್ದ ಜಾಗದಲ್ಲಿ ಇಂಗ್ಲೆಂಡಿನ ಪೌಂಡ್ ಗುರುತು, ಅದರ ಒತ್ತು ಇದ್ದಲ್ಲಿ ಜರ್ಮನ್ನರ ಜೋಡಿ ಎಸ್. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಒರೆಸಿಕೊಂಡ ವೇಷಧಾರಿಯನ್ನು ನೋಡಿದ ಹಾಗಾಗುತ್ತದೆ. ಒಂದೊಂದು ಕಂಪನಿಯ ಫಾಂಟಿನಲ್ಲಿ ಒಂದೊಂದು ವೇಷ. ನನ್ನ ಲಾಕಿನ ಸಾಫ್ಟ್‌ವೇರಿನ ವೇಷ ನುಡಿಯದ್ದಲ್ಲ.

ಹಾಗಾಗಿ ಸಾಫ್ಟ್‌ವೇರ್ ಹೋದರೆ ಫೈಲೂ ಹೋಯಿತು ಅಂತಲೇ ಲೆಕ್ಕ. ನನ್ನ ಹತ್ತಿರ ಬರೀ ಮದುವೆ ಕಾಗದ ಇದ್ದಿದ್ದರೆ ಬೇಸರವಿರಲಿಲ್ಲ. ಊರಿನ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಇದೆ. ಕೈಯಿಂದ ಖರ್ಚು ಮಾಡಿ ಅಚ್ಚು ಹಾಕಿಸಿದ ಮೇಷ್ಟ್ರುಗಳ ಕವನ ಸಂಕಲನಗಳಿವೆ. ಬರೆದವರಲ್ಲಿ ಕೆಲವರು ಈಗಿಲ್ಲ, ಪುಸ್ತಕದ ಪ್ರತಿಗಳೂ ಇಲ್ಲ. ಫೈಲ್ ಮಾತ್ರ ಇದೆ. ಆ ಕವನಗಳ ಹಕ್ಕು ಮೇಷ್ಟ್ರ ಮನೆಯವರದ್ದು. ಅವುಗಳ ಬಾಗಿಲಿನ ಬೀಗದ ಕೈ ಮಾತ್ರ ಎಲ್ಲಿಯದ್ದೋ ಕಂಪನಿಯದ್ದು. ಆ ಮನೆಯವರು ಬಂದು ‘ಅಪ್ಪನ ಪುಸ್ತಕ ಇನ್ನೊಮ್ಮೆ ಹಾಕಿಕೊಡಿ’ ಅಂದರೆ ನಾನು ನಕಲಿ ಪೇಜ್‌ಮೇಕರ್ ತೆರೆಯಲೇಬೇಕು.

ದಾರಿ ಹುಡುಕಲಿಲ್ಲ ಅಂತ ಅನ್ನಬೇಡಿ. ಅಡೋಬಿಯದೇ ಇನ್ನೊಂದು ಪುಟ ಜೋಡಣೆಯ ಸಾಫ್ಟ್‌ವೇರ್ ಇನ್‌ಡಿಸೈನ್, ಸಿಎಸ್ 6 ಆವೃತ್ತಿಯವರೆಗೆ ಹಳೆಯ ಪೇಜ್‌ಮೇಕರ್ ಫೈಲನ್ನು ತೆರೆಯುತ್ತಿತ್ತು. ತಿಂಗಳ ಬಾಡಿಗೆಯ ಹೊಸ ಇನ್‌ಡಿಸೈನ್ ತೆರೆಯುವುದಿಲ್ಲ. ಅಂದರೆ ಬಾಡಿಗೆ ಕಟ್ಟಿದರೂ ನನ್ನ ಫೈಲಿಗೆ ಪ್ರಯೋಜನವಿಲ್ಲ. ಆಶ್ಚರ್ಯ ಅಂದರೆ, ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ 2015ರ 4.4ನೇ ಆವೃತ್ತಿಯಿಂದ ಪೇಜ್‌ಮೇಕರ್ ಫೈಲು ತೆರೆಯುತ್ತದೆ. ಯಾರೋ ಸ್ವಯಂಸೇವಕರು ಕೂತು ಆ ಫೈಲಿನ ಒಳಗನ್ನು ಬಿಡಿಸಿ ನೋಡಿ ಬರೆದದ್ದು. ಅವರಿಗೆ ನನ್ನ ದೊಡ್ಡ ನಮಸ್ಕಾರ. ಮಂಡಿ ರಸೀದಿ ತೆರೆದುಕೊಂಡಿತು. ಗೆರೆಗಳು ಸ್ವಲ್ಪ ಅಲುಗಾಡಿದ್ದವು, ಗೊರಬಲು ಕಾಲಂ ಪಕ್ಕಕ್ಕೆ ಜಾರಿತ್ತು. ಸರಿಮಾಡಿಕೊಂಡೆ.

ಕಷ್ಟ ಶುರುವಾದದ್ದು ವೇಷ ಕಳಚುವಾಗ. ಹಳೆಯ ಫಾಂಟನ್ನು ಯೂನಿಕೋಡ್ ಮಾಡುವ ಪರಿವರ್ತಕಗಳನ್ನೂ ಕನ್ನಡದ ಹುಡುಗರೇ ಬರೆದು ಪುಕ್ಕಟೆ ಹಂಚಿದ್ದಾರೆ. ನುಡಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ನನ್ನ ಲಾಕಿನ ಫಾಂಟಿಗೆ ಪಟ್ಟಿ ಇರಲಿಲ್ಲ. ಮಗಳು ಮತ್ತು ನಾನು ಎರಡು ವಾರ ಕೂತು ಒಂದೊಂದೇ ಅಕ್ಷರ ಹೊಂದಿಸಿದೆವು. ಅರ್ಕಾವತ್ತು ಮಾತ್ರ ಹಟ ಹಿಡಿಯಿತು. ಮೊದಲ ಮದುವೆ ಕಾಗದದಲ್ಲಿ ‘ಮುಹೂರ್ತ’ದ ಅರ್ಕಾವತ್ತು ಬಿದ್ದುಹೋಗಿ ‘ಮುಹೂತ’ ಆಗಿತ್ತು. ಪ್ರೂಫ್ ನೋಡಿದ ಅಜ್ಜರು ‘ಮಾಣಿ, ಮುಹೂರ್ತವೇ ತಪ್ಪಿಸಿಬಿಟ್ಟೆಯಲ್ಲೋ’ ಅಂದರು.

ನಮ್ಮದೇ ಮಲೆನಾಡಿನ ತೇಜಸ್ವಿಯವರು ಈ ಕನ್ನಡ ಸಾಫ್ಟ್‌ವೇರ್ ವಿಷಯಕ್ಕೆ ಎಷ್ಟು ತಲೆ ಕೆಡಿಸಿಕೊಂಡಿದ್ದರು ಅಂತ ಬಲ್ಲವರು ಬಲ್ಲರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ತಂತ್ರಾಂಶವೇ ಬಂತು. ಕೆ.ಪಿ. ರಾವ್ ಅವರು ಮಾಡಿದ ಕೀಲಿಮಣೆಯ ಜೋಡಣೆಯಲ್ಲೇ ನಾವು ಇವತ್ತಿಗೂ ಟೈಪ್ ಮಾಡುವುದು. ಕನ್ನಡ ಗಣಕ ಪರಿಷತ್ತು ನುಡಿಯನ್ನು ಪುಕ್ಕಟೆ ಕೊಟ್ಟಿತು. ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡದ ಯೂನಿಕೋಡ್ ಫಾಂಟ್ ಬಂದಿತ್ತು, ಅದರ ಹೆಸರು ತುಂಗಾ. ನನ್ನ ಪ್ರೆಸ್ಸಿನಿಂದ ಹತ್ತು ನಿಮಿಷ ನಡೆದರೆ ಆ ನದಿ. ಕಂಪ್ಯೂಟರಿನಲ್ಲೇ ತುಂಗೆ ಇಟ್ಟುಕೊಂಡು ನಾವು ಲಾಕಿನ ಬಾವಿಯಲ್ಲಿ ನೀರು ಸೇದಿದೆವು. ಅದು ನಮ್ಮ ಸೋಮಾರಿತನ. ಒಪ್ಪುತ್ತೇನೆ. ಆದರೆ ಇವತ್ತಿಗೂ ಜಾಹೀರಾತು ಕೊಡುವ ಕಚೇರಿಗಳು ‘ನುಡಿ 01 ಇ’ ಅನ್ನುವ ಹಳೆಯ ಫಾಂಟಿನಲ್ಲೇ ಮ್ಯಾಟರ್ ಕಳಿಸಿ, ಪೇಜ್‌ಮೇಕರಿನಲ್ಲೇ ಫೈಲ್ ಕೊಡಿ ಅನ್ನುತ್ತವೆ. ನಾನೊಬ್ಬನೇ ಬದಲಾದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಅಲ್ಲಿ ನಕಲಿ ಪೇಜ್‌ಮೇಕರ್ ಇದೆ.

ಈಗ ನನ್ನ ಮುಖ್ಯ ಮಾತು.

ನಾನು ಪುಕ್ಕಟೆ ಕೇಳುತ್ತಿಲ್ಲ. ನಾನು ಮಾಡಿದ ಕಾರ್ಡಿನ ಡಿಸೈನನ್ನು ಒಬ್ಬರು ಹಾಗೇ ಎತ್ತಿ ಹಾಕಿದಾಗ ನನಗೂ ಉರಿದಿತ್ತು, ಒಂದು ವಾರ ಮಾತು ಬಿಟ್ಟಿದ್ದೆ. ದುಡ್ಡು ಕೊಡಲು ತಯಾರಿದ್ದೇನೆ. ಯಾರಿಗೆ ಕೊಡಲಿ? ಪೇಜ್‌ಮೇಕರ್ ಈಗ ಮಾರಾಟಕ್ಕಿಲ್ಲ. ಲಾಕಿನ ಕಂಪನಿ ಟೈಲ್ಸ್ ಅಂಗಡಿಯಾಗಿದೆ. ನನ್ನ ಪಕ್ಕದ ಅಂಗಡಿಯವರು ಆ ಲಾಕಿನ ಸಾಫ್ಟ್‌ವೇರನ್ನು ಈಗ ನ್ಯಾಯವಾಗಿ ಕೊಳ್ಳುತ್ತೇನೆ ಅಂದರೂ ಮಾರುವವರಿಲ್ಲ. ಕೊಳ್ಳಲು ಆಗುವುದಿಲ್ಲ, ಕೊಳ್ಳದೆ ಬಳಸಿದರೆ ಜೈಲು, ಬಳಸದಿದ್ದರೆ ಹಳೆಯ ಫೈಲ್ ಸತ್ತ ಹಾಗೆ. ಈ ಮೂರರಲ್ಲಿ ಯಾವುದನ್ನು ಆರಿಸಲಿ?

ಇಷ್ಟಕ್ಕೂ ದಾರಿ ನಿಮ್ಮ ಕಾಯ್ದೆಯಲ್ಲೇ ಅರ್ಧ ಇದೆ. 31ಎ ಕಲಂ. ಕೃತಿ ಬರೆದವರು ತೀರಿಕೊಂಡಿದ್ದರೆ, ಯಾರೆಂದು ಗೊತ್ತಿಲ್ಲದಿದ್ದರೆ, ಹಕ್ಕಿನ ಒಡೆಯರು ಹುಡುಕಿದರೂ ಸಿಗದಿದ್ದರೆ, ಕೋರ್ಟಿಗೆ ಅರ್ಜಿ ಹಾಕಿ ಲೈಸೆನ್ಸ್ ಪಡೆಯಬಹುದು. ಕೋರ್ಟು ಹೇಳಿದ ಸಂಭಾವನೆಯನ್ನು ಭಾರತ ಸರ್ಕಾರದ ಸಾರ್ವಜನಿಕ ಖಾತೆಯಲ್ಲೋ ಅದು ಹೇಳಿದ ಬೇರೆ ಖಾತೆಯಲ್ಲೋ ಕಟ್ಟಬೇಕು. ಒಡೆಯರು ಯಾವತ್ತಾದರೂ ಬಂದರೆ ಅಲ್ಲಿಂದ ತಗೊಳ್ಳಬಹುದು. ಓದಿ ಖುಷಿಯಾಯಿತು. ‘ದುಡ್ಡು ಯಾರಿಗೆ ಕೊಡಲಿ’ ಅನ್ನುವ ಪ್ರಶ್ನೆಗೆ ಉತ್ತರ ಬರೆದಿಟ್ಟಿದ್ದಾರಲ್ಲ ಅನ್ನಿಸಿತು. ಮುಂದೆ ಓದಿದರೆ, ಆ ಲೈಸೆನ್ಸ್ ಕೃತಿಯನ್ನು ಪ್ರಕಟಿಸಲು, ಸಾರ್ವಜನಿಕರಿಗೆ ತಲುಪಿಸಲು, ಅನುವಾದಕ್ಕೆ. ಅಂಗಡಿಯ ಮೂಲೆಯಲ್ಲಿ ಕೂತು ಹಳೆಯ ಸಾಫ್ಟ್‌ವೇರ್ ಬಳಸುವ ಮಾತು ಅಲ್ಲಿಲ್ಲ. ಅರ್ಜಿಗೆ ಮೊದಲು ದೇಶದ ಬಹುಭಾಗ ತಲುಪುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಬೇರೆ ಕೊಡಬೇಕು. ಆ ಜಾಹೀರಾತಿನ ಬಿಲ್ಲು ನೋಡಿದರೆ ಹಳೆಯ ಲಾಕ್ ಅಗ್ಗ ಅನ್ನಿಸೀತು.

ಆ ಕಲಂಗೆ ಒಂದು ಸಾಲು ಸೇರಿಸಲು ಕೇಂದ್ರಕ್ಕೆ ಬರೆಯಿರಿ ಅನ್ನುವುದೇ ನನ್ನ ಅರಿಕೆ. ಒಂದು ಸಾಫ್ಟ್‌ವೇರ್ ಮಾರಾಟಕ್ಕೂ ಇಲ್ಲ, ಬಾಡಿಗೆಗೂ ಇಲ್ಲ, ಸಪೋರ್ಟೂ ಇಲ್ಲ ಅಂತಾಗಿ ಹತ್ತು ವರ್ಷ ಕಳೆದಿದ್ದರೆ, ಅದನ್ನು ಬಳಸಲೇಬೇಕಾದವರು ನಿಮ್ಮ ಕಚೇರಿಗೆ ಒಂದು ಸಣ್ಣ ಶುಲ್ಕ ಕಟ್ಟಿ, ರಸೀದಿ ಪಡೆದು, ಗೋಡೆಗೆ ತೂಗುಹಾಕಿಕೊಂಡು ಬಳಸುವಂತಾಗಲಿ. ಮಾಲೀಕರು ಬಂದು ‘ನನ್ನ ಹಕ್ಕು ನನಗೆ ಇನ್ನೂ ಬೇಕು’ ಅಂದರೆ ಆ ದುಡ್ಡು ಅವರಿಗೆ. ಹತ್ತು ವರ್ಷ ಕಮ್ಮಿ ಅನ್ನಿಸಿದರೆ ಹದಿನೈದು ಮಾಡಿ. 2109 ಮಾತ್ರ ಬೇಡ.

ಲಾಕ್ ಹಾಕಿ ಮಾರುವ ಕಂಪನಿಗಳಿಗೂ ಒಂದು ಮಾತು ಹೇಳಿಸಿ. ಅಂಗಡಿ ಮುಚ್ಚುವ ದಿನ ಬೀಗದ ಕೈಯನ್ನು ಗಿರಾಕಿಗೆ ಕೊಟ್ಟು ಹೋಗಲಿ. ಮನಸ್ಸಿದ್ದವರು ಇನ್ನೂ ದೊಡ್ಡದನ್ನೇ ಮಾಡಿದ್ದಾರೆ. 2002ರಲ್ಲಿ ಬ್ಲೆಂಡರ್ ಅನ್ನುವ ಆ್ಯನಿಮೇಶನ್ ಸಾಫ್ಟ್‌ವೇರ್ ಮಾಡಿದ ಕಂಪನಿ ಮುಳುಗಿದಾಗ ಬಳಸುವವರೇ ಚಂದಾ ಎತ್ತಿ, ಒಂದು ಲಕ್ಷ ಯೂರೋ ಕೊಟ್ಟು ಅದನ್ನು ಎಲ್ಲರದ್ದಾಗಿ ಮಾಡಿದರು. ಮೈಕ್ರೋಸಾಫ್ಟ್ 2018ರಲ್ಲಿ ವಿಂಡೋಸ್‌ಗಿಂತ ಹಳೆಯ ಎಂಎಸ್ ಡಾಸ್‌ನ ಎರಡು ಆವೃತ್ತಿಗಳ ಮೂಲ ಕೋಡನ್ನು ಯಾರು ಬೇಕಾದರೂ ಬಳಸಬಹುದು ಅಂತ ಬಿಟ್ಟಿತು, 2024ರಲ್ಲಿ ನಾಲ್ಕನೇ ಆವೃತ್ತಿಯನ್ನೂ. ಯಾವ ಕಂಪನಿಯೂ ಇದರಿಂದ ಬೀದಿಗೆ ಬಂದಿಲ್ಲ.

ಮಲೆನಾಡಿನ ಗೆಳೆಯರಿಗೆ ಎರಡೇ ಮಾತು. ಲಾಕ್ ಕೊಂಡ ರಸೀದಿ ಇದ್ದರೆ ಜೋಪಾನವಾಗಿಡಿ, ಸುಟ್ಟ ಲಾಕನ್ನೂ ಎಸೆಯಬೇಡಿ. ಹೊಸ ಕೆಲಸವನ್ನು ಯೂನಿಕೋಡಿನಲ್ಲೇ ಶುರುಮಾಡಿ. ಪುಟ ಜೋಡಿಸಲು ಸ್ಕ್ರೈಬಸ್, ಲಿಬ್ರೆ ಆಫೀಸ್ ಪುಕ್ಕಟೆ ಸಿಗುತ್ತವೆ. ಮೊದಲ ತಿಂಗಳು ಬೈಯುತ್ತೀರಿ, ನಾನೂ ಬೈದೆ. ನನ್ನ ಲಾಕಿನ ಫಾಂಟಿಗೆ ಮಗಳು ಮಾಡಿದ ಅಕ್ಷರಪಟ್ಟಿ ಬೇಕಾದವರು ಪೆನ್‌ಡ್ರೈವ್ ತನ್ನಿ, ಕೊಡುತ್ತೇನೆ. ವೈರಸ್ ಇಲ್ಲದ ಪೆನ್‌ಡ್ರೈವ್.

ಮಾನ್ಯರೇ, ಪೇಜ್‌ಮೇಕರನ್ನು ಈ ಯುಗಾದಿಯಿಂದ ಹೊಸ ಕೆಲಸಕ್ಕೆ ಮುಟ್ಟಿಲ್ಲ. ಹಳೆಯ 143 ಫೈಲ್ ತೆರೆದು ಬದಲಾಯಿಸುವುದು ಬಾಕಿ ಇದೆ. ಅಷ್ಟಕ್ಕೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇನೆ. ಅದೂ ತಪ್ಪು ಅಂತಾದರೆ ಬರೆದು ತಿಳಿಸಿ, ಎಷ್ಟು ಕಟ್ಟಬೇಕು, ಯಾವ ಖಾತೆಗೆ ಅಂತಲೂ ಬರೆಯಿರಿ.

ಆಗುಂಬೆ ಕಡೆ ಮತ್ತೆ ಮೋಡ ಕಟ್ಟಿದೆ. ಒಂದು ಗುಡುಗೂ ಆಯಿತು. ಪತ್ರ ಇಲ್ಲಿಗೆ ನಿಲ್ಲಿಸಿ ಪ್ಲಗ್ ಕೀಳುತ್ತೇನೆ.

ಇಂತಿ,
ತೀರ್ಥಹಳ್ಳಿಯ ಒಬ್ಬ ಪ್ರೆಸ್ಸಿನವ